ವಿಸಿಲ್ ಕೊಟ್ಟು ಬಂದೆ, ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು

ಶನಿವಾರ ನನ್ನ ಕೊನೆಯ ಪ್ರಾಕ್ಟೀಸ್ ಮುಗಿಯಿತು. 2007ರಿಂದ ಮೈಸೂರಿನ ಒಂದು ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಮುಖ್ಯ ಕೋಚ್ ಆಗಿದ್ದೆ. ಬೀಳ್ಕೊಡುಗೆಯ ದಿನ ಮೈಕ್ ಕೈಗೆ ಬಂದಾಗ ಗಂಟಲು ಕಟ್ಟಿತು, ಎರಡು ಮಾತಾಡಿ ಕೂತೆ. ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮೂರ ಹೈಸ್ಕೂಲಿನ ಪಿಟಿ ಮೇಷ್ಟ್ರಿಗೆ. ಮಣ್ಣಿನ ಅಂಗಳ, ಬಲೆ ಇಲ್ಲದ ರಿಂಗ್. ಸಂಜೆ ಹುಡುಗರೇ ತುಂಬಿಕೊಳ್ಳುತ್ತಾರೆ ಅಂತ ಅವರು ನಮಗೋಸ್ಕರ ಬೆಳಗ್ಗೆ ಆರಕ್ಕೆ ಸೈಕಲ್ ತುಳಿದು ಬರುತ್ತಿದ್ದರು.

1999ರಲ್ಲಿ ಮಂಡಿಯ ಲಿಗಮೆಂಟ್ ಹರಿದು ನನ್ನ ಆಟ ನಿಂತಿತು. ಎಷ್ಟೋ ತಿಂಗಳು ಚೆಂಡಿನ ಸದ್ದು ಕೇಳಿದರೆ ಕಿಟಕಿ ಹಾಕಿಕೊಳ್ಳುತ್ತಿದ್ದೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಕೋಚಿಂಗ್ ಡಿಪ್ಲೊಮಾ ಇದೆ, ಅರ್ಜಿ ಹಾಕು ಅಂದದ್ದು ಅಪ್ಪ. ಮಂಡಿ ಗಟ್ಟಿಯಾದ ಮೇಲೆ ಹೋದೆ. ಅಷ್ಟರಲ್ಲಿ ಆಟವೇ ಬದಲಾಗಿತ್ತು. 2000ದಲ್ಲಿ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ 20 ನಿಮಿಷದ ಎರಡು ಅರ್ಧ ತೆಗೆದು 10 ನಿಮಿಷದ ನಾಲ್ಕು ಕ್ವಾರ್ಟರ್ ಮಾಡಿತ್ತು, ಚೆಂಡು ಕೈಗೆ ಸಿಕ್ಕಿದ ಮೇಲೆ 30 ಸೆಕೆಂಡಿನ ಬದಲು 24 ಸೆಕೆಂಡಿನೊಳಗೆ ರಿಂಗಿನತ್ತ ಚೆಂಡು ಎಸೆಯಬೇಕಿತ್ತು. ನನಗೆ ಗೊತ್ತಿದ್ದದ್ದು ಹಳೇ ಆಟ. ಮತ್ತೆ ಮೊದಲಿಂದ ಕಲಿತೆ, ಕಲಿಸಿದವರು ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ.

ಜಾನ್ ವುಡನ್ ಬಗ್ಗೆ ಕೇಳಿದ್ದೂ ಅಲ್ಲೇ. ಅವರು ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಆಗಿ ಬಂದದ್ದು 1948ರಲ್ಲಿ, ಮೊದಲ ರಾಷ್ಟ್ರೀಯ ಪ್ರಶಸ್ತಿ ಸಿಕ್ಕಿದ್ದು 1964ರಲ್ಲಿ. 1975ರಲ್ಲಿ ಬಿಡುವ ಹೊತ್ತಿಗೆ ಪ್ರಶಸ್ತಿ ಹತ್ತಾಗಿದ್ದವು. ಎಲ್ಲರೂ ಆ ಹತ್ತನ್ನು ನೆನೆಯುತ್ತಾರೆ, ನಾನು ಹಿಡಿದುಕೊಂಡದ್ದು ಅದಕ್ಕೂ ಮುಂಚಿನ ಹದಿನಾರು ವರ್ಷಗಳನ್ನು. ನಮ್ಮ ತಂಡ ಅಂತರ ಕಾಲೇಜು ಟೂರ್ನಿ ಗೆದ್ದದ್ದು ನನ್ನ ಒಂಬತ್ತನೇ ವರ್ಷದಲ್ಲಿ. ಅಲ್ಲಿಯವರೆಗೆ ಕಾಯ್ದ ಪ್ರಿನ್ಸಿಪಾಲರಿಗೆ ಕೈ ಮುಗಿಯುತ್ತೇನೆ. ವುಡನ್ ಮೊದಲ ದಿನ ಸಾಕ್ಸ್ ಹಾಕುವುದನ್ನೇ ಹೇಳಿಕೊಡುತ್ತಿದ್ದರಂತೆ, ಮಡಿಕೆ ಉಳಿದರೆ ಬೊಬ್ಬೆ ಏಳುತ್ತದೆ ಅಂತ. ಮೊದಲ ಸಲ ಶೂ ಹಾಕಿದ ಹುಡುಗಿಯರ ಹಿಮ್ಮಡಿ ನೋಡಿದ ಮೇಲೆ ನಾನೂ ಅದನ್ನೇ ಮಾಡಿದೆ.

ಅಟೆಂಡರ್ ಅಣ್ಣನನ್ನು ಹೇಗೆ ಮರೆಯಲಿ? 2010ರಲ್ಲಿ ಫಿಬಾದ ತ್ರೀ-ಪಾಯಿಂಟ್ ಗೆರೆ, ಅಂದರೆ ಯಾವ ಗೆರೆಯ ಹೊರಗಿಂದ ಹಾಕಿದರೆ ಮೂರು ಅಂಕವೋ ಆ ಗೆರೆ, ರಿಂಗಿನಿಂದ 6.25 ಮೀಟರ್‌ನಿಂದ 6.75ಕ್ಕೆ ಹೋಯಿತಲ್ವಾ, ನಮ್ಮ ಸಿಮೆಂಟ್ ಕೋರ್ಟಿಗೆ ಬಣ್ಣ ಹೊಡೆಸಲು ದುಡ್ಡಿರಲಿಲ್ಲ. ಬೇಸಿಗೆ ರಜೆಯಲ್ಲಿ ಅವರು ರಿಂಗಿನ ಕೆಳಗೆ ನೆಲಕ್ಕೆ ದಾರದ ತುದಿ ಒತ್ತಿ ಹಿಡಿದು ಕೂತರು, ನಾನು ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ಸುತ್ತ ಎಳೆದೆ, ಆಮೇಲೆ ಇಬ್ಬರೂ ಮಂಡಿಯೂರಿ ಬ್ರಷ್ ಹಿಡಿದೆವು. ಮಧ್ಯಾಹ್ನದ ಬಿಸಿಲಿಗೆ ನೆಲ ಸುಡುತ್ತಿತ್ತು. "ಅರ್ಧ ಮೀಟರಿಗೆ ಇಷ್ಟೊಂದು ಕಷ್ಟವಾ ಮೇಡಂ?" ಅಂದರು. ಆ ಅರ್ಧ ಮೀಟರಿಗೆ ನಮ್ಮ ಹುಡುಗಿಯರ ಕೈ ಪಳಗಲು ಒಂದು ವರ್ಷ ಬೇಕಾಯಿತು. ಅವರ ಹೆಸರು ಯಾವ ಟ್ರೋಫಿಯ ಮೇಲೂ ಇಲ್ಲ. ನಮ್ಮ ಕೋರ್ಟಿನ ಗೆರೆ ಅವರದ್ದು.

ನಮ್ಮ ಅತ್ತೆ ಮಗುವನ್ನು ನೋಡಿಕೊಳ್ಳದಿದ್ದರೆ ನಾನು ಎರಡನೇ ವರ್ಷವೇ ಬಿಟ್ಟಿರುತ್ತಿದ್ದೆ. ಟೂರ್ನಿಯಿಂದ ರಾತ್ರಿ ಹನ್ನೊಂದಕ್ಕೆ ಬಂದರೂ ಅನ್ನ ಬಿಸಿಯಾಗಿರುತ್ತಿತ್ತು. ಒಮ್ಮೆಯೂ "ಇನ್ನು ಸಾಕು ಬಿಡು" ಅನ್ನಲಿಲ್ಲ.

2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಮಹಿಳೆಯರ ಏಷ್ಯಾ ಕಪ್ಪಿನ ಎರಡನೇ ದರ್ಜೆಯಾದ ಡಿವಿಷನ್ ಬಿ ಫೈನಲ್ ಇತ್ತು. ನಮ್ಮ ದೇಶದ ಹೆಂಗಸರು ಕಜಕಸ್ತಾನವನ್ನು 75-73ರಲ್ಲಿ ಸೋಲಿಸಿದಾಗ ನನ್ನ ಪಕ್ಕದಲ್ಲಿದ್ದ ಹುಡುಗಿ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒಡೆಯಿತು. ಮೂರು ವರ್ಷ ಹೆಚ್ಚಾಗಿ ಬೆಂಚಿನಲ್ಲೇ ಕೂತವಳು ಅವಳು. ಸುಮ್ನೆ ಕೂರಲಿಲ್ಲ. ಯಾರು ಯಾವ ಕಡೆಯಿಂದ ಎಷ್ಟು ಸಲ ಎಸೆದರು ಅಂತ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು, ಟೈಮ್‌ಔಟಿನಲ್ಲಿ ನಾನು ಹೇಳಿದ್ದರಲ್ಲಿ ಅರ್ಧ ಆ ನೋಟ್‌ಬುಕ್ಕಿನದ್ದೇ. ಮುಂದೆ ಅವಳೂ ಪಟಿಯಾಲಕ್ಕೆ ಹೋಗಿ ಬಂದಳು, ಐದು ವರ್ಷ ನನಗೆ ಅಸಿಸ್ಟೆಂಟ್ ಆಗಿದ್ದಳು.

ಸೋಮವಾರದಿಂದ ತಂಡ ಅವಳದ್ದು. ವಿಸಿಲ್ ಕೊಟ್ಟಿದ್ದೇನೆ ಮರಿ, ಸ್ಟೋರ್ ರೂಮಿನ ಬೀಗದ ಕೈ ಅಟೆಂಡರ್ ಅಣ್ಣನ ಹತ್ತಿರ ಇದೆ. ಚೆಂಡಿಗೆ ಗಾಳಿ ಹಾಕುವ ಸೂಜಿ ಎಡಗಡೆ ಕಪಾಟಿನ ಮೇಲಿನ ಡಬ್ಬಿಯಲ್ಲಿದೆ, ಹುಡುಕಬೇಡ.