ಆ ಮಗು ‘ಇಲ್ಲ’ ಅಂದದ್ದು ಯಾವುದಕ್ಕೆ?

ಮಾನ್ಯ ಕಾನೂನು ಸಚಿವರಿಗೆ,

ನಮಸ್ಕಾರ. ನಾನು ಬೆಂಗಳೂರಿನಲ್ಲಿ ಒಂದನೇ ತರಗತಿ ಮಕ್ಕಳಿಗೆ ಪಾಠ ಹೇಳುವ ಟೀಚರ್. ನಮ್ಮ ತರಗತಿಯ ಆರು ವರ್ಷದ ಹುಡುಗಿಯೊಬ್ಬಳ ಜೊತೆ ಕೋರ್ಟಿಗೆ ಹೋಗಿದ್ದೆ. ಪಕ್ಕದ ಮನೆಯ ಹೊಡೆದಾಟವನ್ನು ಅವಳು ಕಣ್ಣಾರೆ ಕಂಡಿದ್ದಳು. ಅಪ್ಪ ಅಮ್ಮ ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು.

ಪಾಟೀಸವಾಲಿನಲ್ಲಿ ವಕೀಲರು ಕೇಳಿದರು: “ಆ ದಿನ ನೀನು ಅಲ್ಲಿರಲೇ ಇಲ್ಲ, ಏನನ್ನೂ ನೋಡಿಲ್ಲ ಎಂದರೆ ಸರಿಯೇ?”

ಅವಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತಿದ್ದಳು. “ಇಲ್ಲ” ಅಂದಳು.

ಯಾವುದಕ್ಕೆ ಇಲ್ಲ? ಅಲ್ಲಿರಲಿಲ್ಲ ಅಂತಲಾ? ನೋಡಿಲ್ಲ ಅಂತಲಾ? ನೀವು ಹೇಳಿದ್ದು ಸರಿಯಲ್ಲ ಅಂತಲಾ? ಈ ‘ಎಂದರೆ ಸರಿಯೇ’ಗೆ ದೊಡ್ಡವರೇ ತಡವರಿಸುತ್ತಾರೆ. ಆಮೇಲೆ ಯಾವಾಗ ನಡೆಯಿತು ಎಂದು ಕೇಳಿದರು. “ನಿನ್ನಿ” ಅಂದಳು. ನಡೆದು ವರ್ಷವಾಗಿತ್ತು. ಅವಳು ಸುಳ್ಳು ಹೇಳಲಿಲ್ಲ. ಆ ವಯಸ್ಸಿನ ಎಷ್ಟೋ ಮಕ್ಕಳಿಗೆ ಕಳೆದ ದಿನವೆಲ್ಲಾ ‘ನಿನ್ನೆ’ಯೇ. ಅವರನ್ನು ಬೇರೆ ಥರ ಕೇಳಬೇಕು. ಆವತ್ತು ಸ್ಕೂಲಿತ್ತಾ, ರಜೆನಾ? ಊಟ ಆಗಿತ್ತಾ? ಒಂದು ಸಲಕ್ಕೆ ಒಂದೇ ಪ್ರಶ್ನೆ.

ಈ ಕೆಲಸಕ್ಕೆಂದೇ ಕೆಲವು ದೇಶಗಳ ಕೋರ್ಟುಗಳಲ್ಲಿ ತರಬೇತಿ ಪಡೆದವರಿದ್ದಾರೆ. ಇಂಟರ್‌ಮೀಡಿಯರಿ ಅನ್ನುತ್ತಾರೆ. ಮಧ್ಯವರ್ತಿ ಅಂದರೆ ರಾಜಿ ಮಾಡಿಸುವವರು ಅಂದುಕೊಂಡುಬಿಡುತ್ತಾರೆ, ಅದಕ್ಕೇ ನಾನು ‘ಮಾತಿನ ಸಹಾಯಕರು’ ಅನ್ನುತ್ತೇನೆ. ದಕ್ಷಿಣ ಆಫ್ರಿಕಾದಲ್ಲಿ 1993ರಿಂದ ಇದ್ದಾರೆ. ಇಂಗ್ಲೆಂಡಿನಲ್ಲಿ 1999ರ ಕಾಯ್ದೆ ಇದಕ್ಕೆ ದಾರಿ ಮಾಡಿತು. ಅಲ್ಲಿ ಅವರು ಮಗುವನ್ನು ಮೊದಲೇ ಭೇಟಿಯಾಗುತ್ತಾರೆ. ಎಷ್ಟು ಹೊತ್ತು ಗಮನ ಕೊಡುತ್ತದೆ, ಎಂಥ ಮಾತು ಅರ್ಥವಾಗುತ್ತದೆ ಎಂದು ನೋಡಿ ಜಡ್ಜ್‌ಗೆ ತಿಳಿಸುತ್ತಾರೆ. ವಿಚಾರಣೆಯಲ್ಲಿ ಮಗುವಿಗೆ ಪ್ರಶ್ನೆ ಅರ್ಥವಾಗದಿದ್ದರೆ ಅಲ್ಲೇ ಹೇಳುತ್ತಾರೆ. ಯಾರ ಪರವೂ ಅಲ್ಲ, ಕೋರ್ಟಿನ ಕೆಲಸ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. 2012ರ ಪೋಕ್ಸೊ ಕಾಯ್ದೆಯಲ್ಲಿ ವಕೀಲರ ಪ್ರಶ್ನೆಯನ್ನು ಜಡ್ಜ್ ಅವರೇ ಮಗುವಿಗೆ ಕೇಳಬೇಕು. ಅನುವಾದಕರ, ವಿಶೇಷ ಶಿಕ್ಷಕರ ನೆರವೂ ಪಡೆಯಬಹುದು. ಆದರೆ ಅದು ಲೈಂಗಿಕ ಅಪರಾಧಗಳ ಕೇಸಿಗೆ. ನಮ್ಮ ಹುಡುಗಿಯದು ಅದಲ್ಲ. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಮಕ್ಕಳೂ ಸೇರಿದಂತೆ ದುರ್ಬಲ ಸ್ಥಿತಿಯಲ್ಲಿರುವ ಸಾಕ್ಷಿಗಳು ಹೆದರಿಕೆಯಿಲ್ಲದೆ ಹೇಳಿಕೆ ಕೊಡಲು ಪ್ರತಿ ಜಿಲ್ಲೆಯಲ್ಲೂ ಕೇಂದ್ರ ಬೇಕು ಎಂದಿತು. ಒಳ್ಳೆಯದೇ. ಆದರೆ ಚೆಂದದ ಕೋಣೆಯಲ್ಲಿ ಕೂರಿಸಿ ಅದೇ ‘ಎಂದರೆ ಸರಿಯೇ’ ಕೇಳಿದರೆ ಏನು ಬಂತು?

ಆರೋಪಿಗೆ ಅನ್ಯಾಯವಾಗುತ್ತದೆ ಎಂದು ಕೆಲವರು ಹೇಳಬಹುದು. ಆ ಆತಂಕ ನನಗೂ ಅರ್ಥವಾಗುತ್ತದೆ. ಆದರೆ ಪ್ರಶ್ನೆ ವಕೀಲರದ್ದೇ, ಉತ್ತರ ಮಗುವಿನದ್ದೇ. ಸಹಾಯಕರು ಉತ್ತರ ಹೇಳಿಕೊಡುವಂತಿಲ್ಲ. ಎಲ್ಲವೂ ಜಡ್ಜ್ ಎದುರಿಗೇ. ಅರ್ಥವಾಗದ ಒಂದು ‘ಇಲ್ಲ’ದಿಂದ ನಿರಪರಾಧಿಯೂ ಜೈಲಿಗೆ ಹೋಗಬಹುದು, ಅಲ್ವಾ?

ದಯವಿಟ್ಟು ಹೈಕೋರ್ಟ್ ಜೊತೆ ಮಾತಾಡಿ, ಬೆಂಗಳೂರಿನಿಂದಲೇ ಶುರು ಮಾಡಿ. ಯಾವ ಕೇಸಾದರೂ ಸರಿ, ಸಾಕ್ಷಿ ಹೇಳುವ ಪ್ರತಿ ಮಗುವಿಗೂ ಸಹಾಯಕರು ಸಿಗಲಿ. ತರಬೇತಿ ಕೊಡಲು ಇಲ್ಲೇ ನಿಮ್ಹಾನ್ಸ್ ಇದೆ, ನಾಗರಭಾವಿಯಲ್ಲಿ ಲಾ ಸ್ಕೂಲ್ ಇದೆ. ಅವರ ಸಂಬಳಕ್ಕೆ ಬಜೆಟ್ಟಿನಲ್ಲಿ ಹಣ ಇಡಿ, ಸುಮ್ನೆ ಸೇವೆ ಅಂತ ಮಾಡಿಸಬೇಡಿ. ಪಟ್ಟಿಯಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಬಲ್ಲವರಿರಲಿ. ರಾಯಚೂರಿನ ಕನ್ನಡ ಬಲ್ಲವರೂ ಇರಲಿ.

ಇಂತಿ,
ಒಬ್ಬ ಟೀಚರ್, ಬೆಂಗಳೂರು