ಸದ್ದೇ ಇಲ್ಲ ಅಂತ ಕೊಟ್ಟ ನಿಮ್ಮ ಕಂಪ್ಯೂಟರ್ ಬಗ್ಗೆ, ಕೊನೇ ಸಲ

ಇವರಿಗೆ,
ಮ್ಯಾನೇಜರ್ ಸಾಹೇಬರು, ಹುಬ್ಬಳ್ಳಿ ಶೋರೂಮ್

ಮಾನ್ಯರೇ,

ಮೂರು ಸಲ ಫೋನ್ ಮಾಡಿದೆ, ಒಂದು ಸಲ ಖುದ್ದಾಗಿ ಬಂದೆ. ಇನ್ನು ಬರೆದೇ ಹೇಳೋಣ ಅಂತ ಕೂತಿದ್ದೇನೆ. ಸಿಟ್ಟು ಮಾಡಿಕೊಳ್ಳದೆ ಬರೆಯಿರಿ ಅಂತ ಹೆಂಡತಿ ಹೇಳಿದ್ದಾಳೆ. ನೋಡೋಣ.

ಶಿರಸಿ ಹತ್ತಿರದ ಹಳ್ಳಿಯಲ್ಲಿ ನನ್ನ ಮನೆ. ಒಂದು ಕೋಣೆಯಲ್ಲಿ ಯಕ್ಷಗಾನದ ಪದ, ಭಜನೆ ರೆಕಾರ್ಡ್ ಮಾಡುತ್ತೇನೆ. ಮಳೆಗಾಲದಲ್ಲಿ ಹಂಚಿನ ಮೇಲೆ ಬೀಳೋ ಮಳೆಗೆ ಮೈಕ್ ತೆಗೆಯೋ ಹಾಗೇ ಇಲ್ಲ. ಮಳೆ ಬಿಟ್ಟ ಮೇಲೆ ಹಗಲಿಡೀ ಪಕ್ಕದಲ್ಲಿ ಅಡಿಕೆ ಸುಲಿಯೋ ಮಷಿನ್. ಉಳಿಯೋದು ರಾತ್ರಿ ಹತ್ತರ ಮೇಲಿನ ಹೊತ್ತು. ಅಷ್ಟೊತ್ತಿಗೆ ಊರೆಲ್ಲ ಸುಮ್ಮನಿರುತ್ತೆ, ನಿಮ್ಮ ಸಿಪಿಯು ಒಂದನ್ನು ಬಿಟ್ಟು.

74,500 ರೂಪಾಯಿ ಕೊಟ್ಟಿದ್ದು ಸುಮ್ನೆ ಅಲ್ಲ. ನಿಮ್ಮ ಕೊಟೇಶನ್‌ನಲ್ಲೇ 'ಸೈಲೆಂಟ್ ಸ್ಟುಡಿಯೋ ಬಿಲ್ಡ್' ಅಂತ ಬರೆದಿದೆ. ನಿಧಾನಕ್ಕೆ ತಿರುಗುವ 140 ಎಂಎಂ ಫ್ಯಾನ್ ಎರಡು, ತಿರುಗೋ ಭಾಗವೇ ಇಲ್ಲದ ಡಿಸ್ಕ್ ಆದ ಎಸ್ಎಸ್‌ಡಿ ಮಾತ್ರ, ಒಳಗೆ ಫೋಮ್ ಹಚ್ಚಿದ ಕ್ಯಾಬಿನೆಟ್. ಬಂದಿದ್ದು? ಹಿಂದೆ 80 ಎಂಎಂ ಫ್ಯಾನ್ ಒಂದು. ಚಿಕ್ಕ ಫ್ಯಾನ್ ಅಷ್ಟೇ ಗಾಳಿ ಎಳೆಯೋಕೆ ಜಾಸ್ತಿ ಜೋರಾಗಿ ತಿರುಗಬೇಕು, ಅದಕ್ಕೇ ಕಿರುಚುತ್ತೆ. ಇದು ನಿಮಗೆ ಗೊತ್ತಿಲ್ಲದ ವಿಷಯ ಅಲ್ವಲ್ಲ. ಅದರ ವೈರನ್ನಾದರೂ ಮದರ್‌ಬೋರ್ಡಿಗೆ ಹಾಕಿದ್ದರೆ ಬಯಾಸ್‌ನಲ್ಲಿ ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗಿನಲ್ಲಿ, ಸ್ಪೀಡ್ ಇಳಿಸಬಹುದಿತ್ತು. ಸೀದಾ ಪವರ್ ಸಪ್ಲೈಗೆ ಸಿಕ್ಕಿಸಿ ಕಳಿಸಿದ್ದೀರಿ. ಆನ್ ಮಾಡಿದ ಗಳಿಗೆಯಿಂದ ಆಫ್ ಮಾಡೋವರೆಗೂ ಅದು ಫುಲ್ ಸ್ಪೀಡು.

ಜೊತೆಗೆ ಎಸ್ಎಸ್‌ಡಿ ಬದಲು 7200 ಸುತ್ತಿನ ಹಾರ್ಡ್ ಡಿಸ್ಕ್. ನಡುವೆ ಒಂದು ರಬ್ಬರ್ ತುಂಡೂ ಇಲ್ಲದೆ ತಗಡಿಗೇ ತಿರುಪು ಹಾಕಿದ್ದೀರಿ. ಅದು ನಿಮಿಷಕ್ಕೆ 7200 ಸುತ್ತು ಅಂದರೆ ಸೆಕೆಂಡಿಗೆ 120. ಇಡೀ ಡಬ್ಬಿ ಆ ಸ್ವರಕ್ಕೆ ಗುಂಯ್ ಅನ್ನುತ್ತೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಅದು ಕರಿ ಐದಕ್ಕೂ ಬಿಳಿ ಏಳಕ್ಕೂ ನಡುವೆ ಎಲ್ಲೋ ಸಿಕ್ಕಿಕೊಂಡಿದೆ, ಯಾವ ಶ್ರುತಿಗೂ ಸೇರೋದಿಲ್ಲ. ನಮ್ಮ ಕಡೆಯ ಹಿರಿಯ ಭಾಗವತರೊಬ್ಬರು ಒಂದು ಪದ ಹಾಡಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ, "ಹಿಂದೆ ಇನ್ನೊಂದು ಶ್ರುತಿಪೆಟ್ಟಿಗೆ ಬಿಟ್ಟಿದ್ಯನೋ ತಮಾ?" ಅಂದರು. ನಾಚಿಕೆಯಾಯಿತು. ಸಾಫ್ಟ್‌ವೇರ್ ಹಾಕಿ ಸದ್ದು ತೆಗೆದರೆ ತಾಳದ ಬಾಲವೂ ಅದರ ಜೊತೆ ಹೋಗುತ್ತೆ. ಣಿಂಗ್ ಅಂತ ಎಳೆಯೋದು ಟಕ್ ಅಂತ ನಿಲ್ಲುತ್ತೆ.

ಫೋನ್ ಮಾಡಿದಾಗ ನಿಮ್ಮವರು ಕೊಟ್ಟ ಸಲಹೆ, ಮರದ ಕಪಾಟಿನಲ್ಲಿಟ್ಟು ಬಾಗಿಲು ಹಾಕಿ ಅಂತ. ಹಾಕಿದೆ. ಬಿಸಿಗಾಳಿಗೆ ಹೋಗಲು ದಾರಿಯಿಲ್ಲದೆ ಇಪ್ಪತ್ತು ನಿಮಿಷಕ್ಕೆ ಒಳಗೆಲ್ಲ ಕಾದು, ಅಷ್ಟರವರೆಗೆ ಸುಮ್ಮನಿದ್ದ ಪ್ರೊಸೆಸರ್ ಫ್ಯಾನೂ ಕೂಗೋಕೆ ಶುರುವಾಯಿತು. ಮೈಕಿನ ಬೆನ್ನನ್ನು ಸಿಪಿಯು ಕಡೆ ತಿರುಗಿಸಿದೆ, ಮೇಜಿನಿಂದ ಇಳಿಸಿ ದೂರ ಇಟ್ಟೆ. ಸ್ವಲ್ಪ ಕಡಿಮೆಯಾಯಿತು, ಅಷ್ಟೇ.

ಆಮೇಲೆ ಅದನ್ನು ಕಂಬಳಿಯಲ್ಲಿ ಸುತ್ತಿ, ಮುಂಡಗೋಡ ರಸ್ತೆಯ ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆ ಮೇಲಿಟ್ಟುಕೊಂಡು ನಿಮ್ಮಲ್ಲಿಗೆ ಬಂದೆ. ಅವತ್ತು ನಡೆದಿದ್ದು ನಿಮಗೆ ಮರೆತಿರಬಹುದು. ನನಗೆ ಮರೆತಿಲ್ಲ. ನಿಮ್ಮ ಹುಡುಗ ಅದನ್ನು ಕೌಂಟರ್ ಮೇಲಿಟ್ಟು ಆನ್ ಮಾಡಿದ. ತಲೆ ಮೇಲೆ ಎಸಿ, ಪಕ್ಕದಲ್ಲಿ ಪ್ರಿಂಟರ್, ಬಾಗಿಲಾಚೆ ಆಟೋಗಳ ಹಾರ್ನ್. ನೀವು ಕುರ್ಚಿಯಿಂದ ಎದ್ದು ಬಂದು, ಕೈ ಕಿವಿಗೆ ಹಿಡಿದು, ಹಾವಾಡಿಗನ ಬುಟ್ಟಿಗೆ ಬಗ್ಗಿದ ಹಾಗೆ ಬಗ್ಗಿ, "ಎಲ್ಲಿ ಐತ್ರೀ ಸರ ಸೌಂಡು? ನಮಗೇನೂ ಕೇಳವಲ್ದು" ಅಂದಿರಿ. ಎಸಿ ಆಫ್ ಮಾಡಿ ಅಂದೆ. "ಗಿರಾಕಿ ಅದಾರ್ರೀ" ಅಂದಿರಿ. ಆ ಗಿರಾಕಿಗಳೂ ಒಬ್ಬೊಬ್ಬರಾಗಿ ಬಂದು ಕಿವಿಯಿಟ್ಟು ಹೋದರು. ಕೀಬೋರ್ಡ್ ಕೊಳ್ಳಲು ಬಂದ ಒಬ್ಬರಿಗಂತೂ ಇದು ದೊಡ್ಡ ತಮಾಷೆ. ಮೊಬೈಲಿನಲ್ಲಿ ರೆಕಾರ್ಡಿಂಗ್ ಕೇಳಿಸೋಕೆ ಹೋದರೆ, "ಹಾಡೋರಿಗೆ ಒಂಚೂರು ಜೋರ ಹಾಡಾಕ ಹೇಳ್ರಿ, ಫ್ಯಾನ್ ಕೇಳಂಗಿಲ್ಲ" ಅಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದೇ ನನಗೆ ಈಗಲೂ ಉರಿಯುತ್ತಿರುವುದು.

ಹೊರಡುವಾಗ ಚೆಕಿಂಗ್ ಚಾರ್ಜ್ ಅಂತ 500 ರೂಪಾಯಿ ತೆಗೆದುಕೊಂಡಿರಿ. ಏನನ್ನು ಚೆಕ್ ಮಾಡಿದ್ದಕ್ಕೆ ಸ್ವಾಮಿ, ನನ್ನ ಕಿವಿಯನ್ನಾ? ಮೇಲಿಂದ ಸ್ಟಿಕ್ಕರ್ ಹರಿದಿದೆ, ವಾರಂಟಿ ಇಲ್ಲ ಅಂತ ಬೇರೆ. ವಿಡಿಯೋ ಕಾಲ್‌ನಲ್ಲಿ "ಸೈಡ್ ಬಾಗಿಲು ತೆಗೀರಿ" ಅಂತ ಸ್ಕ್ರೂ ಬಿಚ್ಚಿಸಿದ್ದು ನಿಮ್ಮದೇ ಟೆಕ್ನಿಷಿಯನ್.

ಬರೆದುಕೊಟ್ಟ ಸಾಮಾನು ಹಾಕಿಕೊಡಿ, ಇಲ್ಲವೇ ದುಡ್ಡು ವಾಪಸ್ ಕೊಡಿ. ಆ 500 ಕೂಡ. ನಿಮಗೆ 15 ದಿನ.

ಆಮೇಲೆ ಫೋನ್ ಮಾಡೋದು ನಿಮಗಲ್ಲ, ಗ್ರಾಹಕರ ಸಹಾಯವಾಣಿ 1915ಕ್ಕೆ. ಅಲ್ಲೂ ಆಗದಿದ್ದರೆ ಕಾರವಾರದ ಗ್ರಾಹಕರ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ನಾನಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದೊಳಗಿನದಕ್ಕೆ ಫೀಸೂ ಇಲ್ಲ. ಘಟ್ಟ ಇಳಿಯೋ ಕಷ್ಟ ಇಬ್ಬರಿಗೂ ಇದೆ, ಆದರೆ ನೀವು ಬರಬೇಕಾಗಿರೋದು ನನಗಿಂತ ದೂರದಿಂದ. ಕೊಟೇಶನ್, ಬಿಲ್ಲು, ಒಳಗಿನ ಫೋಟೋ, ವಿಡಿಯೋ ಕಾಲ್‌ನ ಸ್ಕ್ರೀನ್‌ಶಾಟ್ ಎಲ್ಲ ತೆಗೆದಿಟ್ಟಿದ್ದೇನೆ. ಭಾಗವತರು ಹಾಡಿದ ಆ ಪದವೂ ಇದೆ. ಅದನ್ನು ಅಲ್ಲಿ ನಾನೇ ಕೇಳಿಸುತ್ತೇನೆ, ಎಸಿ ಆಫ್ ಮಾಡಿಸಿ.

ಇಂತಿ,
ನಿಮ್ಮ ಪ್ರಕಾರ ಕಿವಿ ಜಾಸ್ತಿ ಚುರುಕಿರುವ ಗಿರಾಕಿ
ಶಿರಸಿ