ಗೆಳೆಯನಿಗೊಂದು ಪತ್ರ: ಕೆಳಗಿನ ಸಾಲನ್ನೂ ನೋಡು

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ರಕ್ತದ ರಿಪೋರ್ಟ್ ನೋಡಿದೆ, ಥೈರಾಯ್ಡ್ ಕ್ಯಾನ್ಸರ್ ಮರಳಿದೆಯಾ ಅಂತ ನೋಡುವ ಟೆಸ್ಟಿನದು. ಥೈರೋಗ್ಲೋಬ್ಯುಲಿನ್, ಅಂದರೆ ಟಿಜಿ, 0.2ಕ್ಕಿಂತ ಕಡಿಮೆ ಬಂದಿದೆ. ಖುಷಿಪಡುವ ವಿಷಯವೇ. ಆದರೆ ಅದರ ಕೆಳಗಿನ ಸಾಲು ನೋಡಿದೆಯಾ? ಆ್ಯಂಟಿ-ಟಿಜಿ ಆ್ಯಂಟಿಬಾಡಿ ಜಾಸ್ತಿ ಇದೆ, ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕಿದ್ದಾರೆ.

ಟಿಜಿ ಒಂದು ಪ್ರೋಟೀನು, ಅದನ್ನು ತಯಾರಿಸುವುದು ಥೈರಾಯ್ಡ್ ಜೀವಕೋಶಗಳು ಮಾತ್ರ. ನಮ್ಮಿಬ್ಬರ ಹಾಗೆ ಪ್ಯಾಪಿಲರಿ ಕ್ಯಾನ್ಸರ್‌ಗೆ ಇಡೀ ಗ್ರಂಥಿ ತೆಗೆಸಿ, ಉಳಿದ ಥೈರಾಯ್ಡ್ ಜೀವಕೋಶಗಳನ್ನು ಸುಡುವ ರೇಡಿಯೋ ಅಯೋಡಿನ್ನೂ ತೆಗೆದುಕೊಂಡವರ ರಕ್ತದಲ್ಲಿ ಅದು ಹೆಚ್ಚುಕಡಿಮೆ ಇರಲೇಬಾರದು. ಟೆಸ್ಟಿನಿಂದ ಟೆಸ್ಟಿಗೆ ಏರುತ್ತಾ ಹೋದರೆ ಎಲ್ಲೋ ಆ ಜೀವಕೋಶ ಬೆಳೆಯುತ್ತಿದೆಯಾ ಅಂತ ಹುಡುಕಬೇಕಾಗುತ್ತದೆ. ಅರ್ಧ ಗ್ರಂಥಿ ಉಳಿದವರಿಗೆ ಈ ಲೆಕ್ಕ ನಡೆಯುವುದಿಲ್ಲ. ಥೈರಾಯ್ಡಿನದೇ ಇನ್ನೊಂದು ಬಗೆಯಾದ ಮೆಡ್ಯುಲರಿ ಕ್ಯಾನ್ಸರ್ ಆದವರಿಗಂತೂ ಟೆಸ್ಟೇ ಬೇರೆ, ಕ್ಯಾಲ್ಸಿಟೋನಿನ್ ಮತ್ತು ಸಿಇಎ ಅನ್ನುವ ಎರಡು ರಕ್ತಪರೀಕ್ಷೆ.

ಇನ್ನು ಆ ಆ್ಯಂಟಿಬಾಡಿ, ಅಂದರೆ ಟಿಜಿಯ ವಿರುದ್ಧ ನಮ್ಮ ದೇಹವೇ ತಯಾರಿಸುವ ಪ್ರೋಟೀನು. ನಮ್ಮಂಥವರಲ್ಲಿ ನೂರಕ್ಕೆ ಸುಮಾರು 20ರಿಂದ 25 ಮಂದಿಗೆ ಇದು ಇರುತ್ತದೆ. ಇದು ಹೋಗಿ ಟಿಜಿಗೆ ಅಂಟಿಕೊಳ್ಳುತ್ತದೆ. ಆಗ ಲ್ಯಾಬಿನ ಮಾಮೂಲಿ ಟೆಸ್ಟಿಗೆ ಟಿಜಿ ಸಿಕ್ಕುವುದಿಲ್ಲ, ಇದ್ದರೂ ಇಲ್ಲ ಅಂತ ಬರಬಹುದು. ಹಾಗಂತ ಹೆದರಬೇಡ. ಆ್ಯಂಟಿಬಾಡಿಯ ಏರಿಳಿತವನ್ನೇ ನೋಡುತ್ತಾ ಹೋಗಬಹುದು. ಅಯೋಡಿನ್ ಕೊಟ್ಟ ಹೊಸದರಲ್ಲಿ ಸ್ವಲ್ಪ ಏರುವುದುಂಟು. ಆಮೇಲೆ ಇಳಿಯುತ್ತಾ ಬಂದರೆ ಒಳ್ಳೆಯ ಸುದ್ದಿ, ಪೂರ್ತಿ ಹೋಗಲು ಕೆಲವು ವರ್ಷ ಹಿಡಿದರೂ ಸರಿ. ಇಳಿದದ್ದು ಮತ್ತೆ ಏರಿದರೆ ಮಾತ್ರ, ಟಿಜಿ ಎಷ್ಟೇ ಕಡಿಮೆ ಇರಲಿ, ಸುಮ್ನೆ ಕೂರಬೇಡ. ಡಾಕ್ಟರಿಗೆ ತೋರಿಸು, ಕುತ್ತಿಗೆಯ ಸ್ಕ್ಯಾನ್ ಬಗ್ಗೆ ಕೇಳು.

ಆಫರ್ ಇದೆ ಅಂತ ಲ್ಯಾಬ್ ಬದಲಾಯಿಸಬೇಡ ಮಾರಾಯಾ. ಅದೇ ರಕ್ತಕ್ಕೆ ಬೇರೆ ಮಷಿನ್ ಬೇರೆ ಅಂಕಿ ಕೊಡುತ್ತದೆ, ಏರಿದ್ದು ಕ್ಯಾನ್ಸರಾ ಮಷಿನ್ನಾ ಅಂತ ಗೊತ್ತಾಗದೆ ರಾತ್ರಿಯೆಲ್ಲಾ ನಿದ್ದೆಗೆಡಬೇಕು. ಟಿಜಿ, ಆ್ಯಂಟಿಬಾಡಿ, ಟಿಎಸ್‌ಎಚ್ ಮೂರನ್ನೂ ಒಟ್ಟಿಗೇ ಮಾಡಿಸು. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಜೀವಕೋಶಗಳನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನು. ತೆಗೆದ ಗ್ರಂಥಿಯ ಬದಲಿಗೆ ನುಂಗುವ ಥೈರಾಕ್ಸಿನ್ ಮಾತ್ರೆ ತಪ್ಪಿಸಿದರೆ ಟಿಎಸ್‌ಎಚ್ ಏರುತ್ತದೆ, ಅದರ ಹಿಂದೆ ಟಿಜಿಯೂ ಏರಬಹುದು. ಕೂದಲು ಉದುರುತ್ತೆ ಅಂತ ಬಯೋಟಿನ್ ವಿಟಮಿನ್ ನುಂಗುತ್ತಿದ್ದೀಯಲ್ಲ, ಅದನ್ನು ಡಾಕ್ಟರಿಗೆ ಹೇಳಲೇಬೇಕು. ಕೆಲವು ಮಷಿನ್‌ಗಳಲ್ಲಿ ಅದು ಟಿಜಿಯನ್ನು ಕಡಿಮೆ ತೋರಿಸುತ್ತದೆ. ಟೆಸ್ಟಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ.

ನಾನು ಫೈಲಿನ ಒಳರಟ್ಟಿನ ಮೇಲೆ ತಾರೀಕು ಹಾಕಿ ಈ ಮೂರು ಅಂಕಿಗಳನ್ನು ಒಂದರ ಕೆಳಗೊಂದು ಬರೆದಿಟ್ಟಿದ್ದೇನೆ. ನೀನೂ ಹಳೇ ರಿಪೋರ್ಟ್‌ಗಳನ್ನೆಲ್ಲ ಹುಡುಕಿ ತೆಗೆದಿಡು. ಭಾನುವಾರ ಮನೆಗೆ ಬರುತ್ತೇನೆ, ಕೂತು ಬರೆಯೋಣ. ಡಾಕ್ಟರ್ ಹತ್ತಿರ ಹೋಗುವಾಗ ಜೊತೆಗೂ ಬರುತ್ತೇನೆ.

ನಿನ್ನವನೇ